ಹಸುವಿನ ಕಾಯಿಲೆ ಅಪ್ಪನ ರಕ್ತನಾಳಕ್ಕೆ ಹೇಗೆ ಬಂತು?

ಪ್ರಶ್ನೆ: ನಾವು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವರು. ನಮ್ಮಪ್ಪನಿಗೆ 61 ವರ್ಷ. ಮೂರು ಹಸು ಇವೆ, ಡೈರಿಗೆ ಹಾಲು ಹಾಕುತ್ತೇವೆ. ಹಾಲು ಕರೆಯುವುದು ಅವ್ವ. ಹೋದ ವರ್ಷ ಒಂದು ಹಸು ಏಳು ತಿಂಗಳಿಗೆ ಕಂದು ಹಾಕಿತು, ಅಪ್ಪನೇ ಎಳೆದು ತೆಗೆದಿದ್ದರು. ಆಮೇಲೆ ಐದಾರು ತಿಂಗಳು ಅಪ್ಪನಿಗೆ ಜ್ವರ ಬಂದು ಬಂದು ಹೋಗುತ್ತಿತ್ತು. ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಟೈಫಾಯ್ಡ್ ಅಂತ ಮೂರು ಸಲ ಔಷಧಿ ಆಯಿತು. ಸೊಂಟನೋವು ಶುರುವಾದ ಮೇಲೆ ಮೈಸೂರಿನಲ್ಲಿ ತೋರಿಸಿದೆವು, ಬ್ರುಸೆಲ್ಲಾ ಅಂದರು. ಮಾತ್ರೆ ತೆಗೆದುಕೊಂಡ ಹತ್ತು ದಿನಕ್ಕೆ ಜ್ವರ ಬಿಟ್ಟಿತು. ಆದರೆ ಬೆನ್ನಿಗೆ ಮಾಡಿದ ಸ್ಕ್ಯಾನ್‌ನಲ್ಲಿ ಹೊಟ್ಟೆಯ ದೊಡ್ಡ ರಕ್ತನಾಳ ಒಂದು ಪಕ್ಕಕ್ಕೆ 3.8 ಸೆಂಟಿಮೀಟರ್ ಉಬ್ಬಿದೆ, ಬೇಗ ಆಪರೇಷನ್ ಆಗಬೇಕು ಅನ್ನುತ್ತಿದ್ದಾರೆ. ನಮ್ಮ ಸಂಬಂಧಿಕರೊಬ್ಬರಿಗೆ 4.2 ಇದ್ದರೂ ಸುಮ್ನೆ ನೋಡ್ತಾ ಇರೋಣ ಅಂದಿದ್ದಾರೆ. ನಮ್ಮಪ್ಪನಿಗೆ ಮಾತ್ರ ಯಾಕೆ ಆತುರ? ಹಸುವಿನ ಕಾಯಿಲೆ ರಕ್ತನಾಳಕ್ಕೆ ಹೇಗೆ ಹೋಯಿತು? ಜ್ವರ ಬಿಟ್ಟಿದೆಯಲ್ಲ, ಮಾತ್ರೆಯಲ್ಲೇ ವಾಸಿಯಾಗಲ್ವಾ? ಹಸುಗಳನ್ನು ಮಾರಿಬಿಡಬೇಕಾ?

ಉತ್ತರ: ಮೊದಲು ಆ 3.8 ಮತ್ತು 4.2ರ ಲೆಕ್ಕ ಮುಗಿಸೋಣ. ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಿರುವುದು ಅದೇ ಇರಬೇಕು.

ಹೃದಯದಿಂದ ಹೊರಟು, ಎದೆ ದಾಟಿ, ಹೊಟ್ಟೆಯ ಹಿಂಭಾಗದಲ್ಲಿ ಬೆನ್ನುಮೂಳೆಗೆ ಒರಗಿಕೊಂಡು ಇಳಿಯುವ ನಾಳವೇ ಮಹಾಪಧಮನಿ. ಆಸ್ಪತ್ರೆಯಲ್ಲಿ ಅಯೋರ್ಟಾ ಅನ್ನುತ್ತಾರೆ. ಹೊಟ್ಟೆಯಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. 3 ಮುಟ್ಟಿದರೆ ಅನ್ಯೂರಿಸಂ, ಅಂದ್ರೆ ಉಬ್ಬು ಅಂತ ಬರೆಯುತ್ತೇವೆ. ನಿಮ್ಮ ಸಂಬಂಧಿಕರದ್ದು ಬಹುಶಃ ವಯಸ್ಸು, ಬೀಡಿ, ಬಿಪಿ ಸೇರಿಕೊಂಡು ವರ್ಷಗಟ್ಟಲೆ ಸವೆದು ಆದದ್ದು. ಅಂಥ ಉಬ್ಬು ಸುತ್ತಲೂ ಒಂದೇ ಸಮ ಹಿಗ್ಗುತ್ತದೆ, ನಿಧಾನಕ್ಕೆ ಬೆಳೆಯುತ್ತದೆ. ಗಂಡಸರಲ್ಲಿ 5.5 ಸೆಂಟಿಮೀಟರ್ ಆಗುವ ತನಕ ಕಾದು ನೋಡಬಹುದು ಅನ್ನುವ ಲೆಕ್ಕ ಇರುವುದು ಆ ಜಾತಿಯ ಉಬ್ಬಿಗೆ ಮಾತ್ರ.

ನಿಮ್ಮ ತಂದೆಯವರದ್ದು ಸೋಂಕಿನ ಉಬ್ಬು. 'ಒಂದು ಪಕ್ಕಕ್ಕೆ' ಅಂತ ನೀವೇ ಬರೆದಿದ್ದೀರಿ, ಅದೇ ಮುಖ್ಯವಾದ ಮಾತು. ಇಲ್ಲಿ ಗೋಡೆ ಹಿಗ್ಗಿಲ್ಲ, ಒಂದು ಕಡೆ ಕೊರೆದುಹೋಗಿದೆ. ಹೊರಗೆ ಚೀಲದ ಹಾಗೆ ಕಾಣುವ ಜಾಗದಲ್ಲಿ ನಿಜವಾದ ಗೋಡೆಯೇ ಇಲ್ಲದಿರಬಹುದು. ಅಕ್ಕಪಕ್ಕದ ಮಾಂಸ, ಪೊರೆಗಳೇ ರಕ್ತವನ್ನು ತಡೆದು ನಿಲ್ಲಿಸಿರುತ್ತವೆ. ನೀವು ನಾಲೆ ಪಕ್ಕದ ಊರಿನವರು, ಹೇಳಿದರೆ ಗೊತ್ತಾಗುತ್ತದೆ. ನೀರು ಜಾಸ್ತಿಯಾಗಿ ಏರಿ ಮೇಲೆ ಹರಿಯುವುದು ಒಂದು ಬಗೆ. ಏಡಿ ಬಿಲ ತೋಡಿ ಏರಿ ಒಳಗೊಳಗೇ ಟೊಳ್ಳಾಗುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ನೀರಿನ ಮಟ್ಟ ಎಷ್ಟಿದೆ ಅಂತ ಕೋಲು ಹಿಡಿದು ಅಳೆದರೆ ಏನು ಬಂತು? ಇಂಥ ಉಬ್ಬು ಸಣ್ಣದಿದ್ದಾಗಲೇ ಒಡೆಯಬಹುದು. ಕೆಲವೇ ವಾರಗಳಲ್ಲಿ ದೊಡ್ಡದೂ ಆಗಬಹುದು. ಡಾಕ್ಟರು ಆತುರ ಮಾಡುತ್ತಿರುವುದು ಅದಕ್ಕೇ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಇನ್ನು, ಅಲ್ಲಿಗೆ ಹೋಗಿದ್ದು ಹೇಗೆ?

ಬ್ರುಸೆಲ್ಲಾ ಅನ್ನುವುದು ಬಲು ಸಣ್ಣ ಬ್ಯಾಕ್ಟೀರಿಯಾ. ಮಾಲ್ಟಾ ದ್ವೀಪದಲ್ಲಿ ಜ್ವರ ಬಂದು ಸಾಯುತ್ತಿದ್ದ ಬ್ರಿಟಿಷ್ ಸೈನಿಕರ ಗುಲ್ಮದಲ್ಲಿ, ಅಂದ್ರೆ ಸ್ಪ್ಲೀನ್‌ನಲ್ಲಿ, ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯ 1887ರಲ್ಲಿ ಅದನ್ನು ಪತ್ತೆ ಮಾಡಿದ. ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. ಅಲ್ಲಿನ ಮೇಕೆಗಳ ರಕ್ತದಲ್ಲಿ ಸೋಂಕಿನ ಗುರುತು ಸಿಕ್ಕಿದ್ದು 1905ರಲ್ಲಿ. ಸೈನಿಕರು ಆ ಮೇಕೆಗಳ ಹಸಿ ಹಾಲು ಕುಡಿಯುತ್ತಿದ್ದರು. ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ಇದರ ದಾಯಾದಿಯನ್ನು ಡೆನ್ಮಾರ್ಕಿನ ಬರ್ನಾರ್ಡ್ ಬಾಂಗ್ 1897ರಲ್ಲೇ ಗುರುತಿಸಿದ್ದ. ನಮ್ಮ ಪಶುವೈದ್ಯರು ಕಂದು ರೋಗ ಅನ್ನುವುದು ಇದನ್ನೇ. ಹಸಿ ಹಾಲಿನಿಂದ ಬರುತ್ತದೆ. ಕಂದು ಹಾಕಿದ ಕರು, ಮಾಸು, ಅದರ ನೀರನ್ನು ಬರಿಗೈಯಲ್ಲಿ ಮುಟ್ಟಿದರೆ ಕೈಯ ಸಣ್ಣ ಗಾಯ, ತರಚಲುಗಳಿಂದ ಒಳಗೆ ಹೋಗುತ್ತದೆ. ನಿಮ್ಮ ತಂದೆಯವರಿಗೆ ಯಾವಾಗ ಅಂಟಿತು ಅಂತ ನನ್ನನ್ನು ಕೇಳಿದರೆ, ಕಂದು ಎಳೆದು ತೆಗೆದ ಆ ದಿನ ಕೊಟ್ಟಿಗೆಯಲ್ಲಿ ಅಂತಲೇ ಹೇಳುತ್ತೇನೆ.

ನಮ್ಮ ರಕ್ತದಲ್ಲಿ ರೋಗಾಣುಗಳನ್ನು ನುಂಗಿ ಹಾಕುವ ಜೀವಕೋಶಗಳಿವೆ. ಅವು ಬ್ರುಸೆಲ್ಲಾವನ್ನೂ ನುಂಗುತ್ತವೆ. ಕಷ್ಟ ಏನೆಂದರೆ ಇದು ಒಳಗೆ ಹೋಗಿ ಸಾಯುವುದಿಲ್ಲ, ಅಲ್ಲೇ ಮನೆ ಮಾಡುತ್ತದೆ. ಕಳ್ಳ ಹೋಗಿ ಪೊಲೀಸ್ ಜೀಪಿನಲ್ಲೇ ಕೂತು ಊರೆಲ್ಲ ಸುತ್ತಿದ ಹಾಗೆ. ಲಿವರ್, ಮೂಳೆಯ ಮಜ್ಜೆ, ಬೆನ್ನಿನ ಕೆಳಗಿನ ಮೂಳೆಗಳು, ಗಂಡಸರ ಬೀಜ, ಹೃದಯದ ಕವಾಟ, ಎಲ್ಲ ಕಡೆ ಹೋಗಿ ಕೂರಬಲ್ಲದು. ಆಗಾಗ ರಕ್ತಕ್ಕೆ ಇಳಿದಾಗ ಜ್ವರ, ಮತ್ತೆ ಅಡಗಿದಾಗ ಆರಾಮ. ಜ್ವರ ಬಂದು ಬಂದು ಹೋಗುತ್ತಿದ್ದದ್ದು ಇದಕ್ಕೇ.

ರಕ್ತನಾಳದ ಗೋಡೆಗೆ ಇದು ತಲುಪಲು ಮೂರು ದಾರಿ ಇವೆ. ಮೊದಲನೆಯದು ಹೃದಯದ ಕವಾಟದ ಮೇಲೆ ಸೋಂಕಿನ ಗಂಟು ಬೆಳೆದು, ಅದರ ಚೂರು ಕಿತ್ತು ರಕ್ತದಲ್ಲಿ ಹೋಗಿ ಇನ್ನೆಲ್ಲೋ ಸಿಕ್ಕಿಕೊಳ್ಳುವುದು. ದೊಡ್ಡ ನಾಳದ ಗೋಡೆಗೂ ಬದುಕಲು ರಕ್ತ ಬೇಕಲ್ವಾ? ಅದಕ್ಕೆ ಕೂದಲಿನಂಥ ಸಣ್ಣ ನಾಳಗಳಿರುತ್ತವೆ. ಚೂರು ಅಲ್ಲಿ ಕೂತರೆ ಗೋಡೆ ಒಳಗಿನಿಂದಲೇ ಕೊಳೆಯುತ್ತದೆ. ಎರಡನೆಯದು, ಕೊಬ್ಬು ಕಟ್ಟಿ ಒರಟಾದ ಜಾಗದಲ್ಲಿ ರಕ್ತದಲ್ಲಿ ತೇಲುವ ಬ್ಯಾಕ್ಟೀರಿಯಾ ನೇರವಾಗಿ ಹತ್ತಿಕೊಳ್ಳುವುದು. ಐವತ್ತು ದಾಟಿದವರಲ್ಲಿ ಟೈಫಾಯ್ಡ್‌ನ ಬಳಗದ ಸಾಲ್ಮೊನೆಲ್ಲಾ ಕೂಡ ಇದೇ ಕೆಲಸ ಮಾಡುತ್ತದೆ. ಮೂರನೆಯದು ನೆರೆಮನೆಯ ಬೆಂಕಿ. ಬ್ರುಸೆಲ್ಲಾಗೆ ಸೊಂಟದ ಮೂಳೆಗಳೆಂದರೆ ಇಷ್ಟ. ಆ ಮೂಳೆಗಳ ಮುಂದೆಯೇ, ನಡುವೆ ಒಂದು ತೆಳು ಪದರ ಬಿಟ್ಟರೆ ಅಂಟಿಕೊಂಡ ಹಾಗೆ ಮಹಾಪಧಮನಿ ಇಳಿಯುತ್ತದೆ. ಮೂಳೆಯಲ್ಲಿ ಕೀವಾದರೆ ಅದು ಮುಂದಕ್ಕೆ ಜರುಗಿ ನಾಳದ ಬೆನ್ನನ್ನು ಕೊರೆಯುತ್ತದೆ. ಸೊಂಟನೋವು ಮೊದಲು, ಉಬ್ಬು ಆಮೇಲೆ ಅನ್ನುವ ನಿಮ್ಮ ಕಥೆ ಓದಿದರೆ ಈ ಮೂರನೇ ದಾರಿಯೇ ಅಂತ ನನಗೆ ಅನ್ನಿಸುತ್ತದೆ. ಆದರೂ ಹೃದಯದ ಎಕೋ ಆಗಿದೆಯಾ ಅಂತ ಕೇಳಿ. ಆಗಿಲ್ಲದಿದ್ದರೆ ಆಪರೇಷನ್ನಿಗೆ ಮುಂಚೆ ಆಗಲೇಬೇಕು. ಬ್ರುಸೆಲ್ಲಾ ಬಂದವರಲ್ಲಿ 100ಕ್ಕೆ ಒಬ್ಬಿಬ್ಬರಿಗೆ ಮಾತ್ರ ಕವಾಟ ಹಿಡಿಯುತ್ತದೆ. ಆದರೆ ಈ ಕಾಯಿಲೆಯಲ್ಲಿ ಸಾಯುವವರು ಹೆಚ್ಚಾಗಿ ಅವರೇ.

ನಿಮ್ಮ ರಿಪೋರ್ಟಿನಲ್ಲಿ 'ಮೈಕಾಟಿಕ್ ಅನ್ಯೂರಿಸಂ' ಅಂತ ಇದ್ದರೆ ಗಾಬರಿ ಬೇಡ. ಮೊಬೈಲಿನಲ್ಲಿ ಹುಡುಕಿದರೆ ಅದು ಫಂಗಸ್ ಅಂತ ತೋರಿಸುತ್ತದೆ. ಫಂಗಸ್ ಮಾತ್ರೆ ಯಾಕೆ ಕೊಟ್ಟಿಲ್ಲ ಅಂತ ನನ್ನ ಹತ್ತಿರ ಜಗಳಕ್ಕೆ ಬಂದವರಿದ್ದಾರೆ. ವಿಲಿಯಂ ಆಸ್ಲರ್ 1885ರಲ್ಲಿ ಇಂಥ ಉಬ್ಬುಗಳು ಅಣಬೆಯ ಹಾಗೆ ಕಾಣುತ್ತವೆ ಅಂತ ಆ ಹೆಸರಿಟ್ಟ. ಮಾಡಿದ್ದು ಬ್ಯಾಕ್ಟೀರಿಯಾ, ಹೆಸರು ಮಾತ್ರ ಅಣಬೆಯದ್ದು. ಇವತ್ತಿಗೂ ಬದಲಾಗಿಲ್ಲ.

ಟೈಫಾಯ್ಡ್ ಅಂತ ಮೂರು ಸಲ ಔಷಧಿ ಕೊಟ್ಟ ವಿಷಯಕ್ಕೆ ಬರುತ್ತೇನೆ. ವಿಡಾಲ್ ಅನ್ನುವ ರಕ್ತಪರೀಕ್ಷೆಯಲ್ಲಿ 'ಪಾಯಿಂಟ್ ಜಾಸ್ತಿ ಇದೆ' ಅಂದರೆ ಸಾಕು, ನಮ್ಮ ಕಡೆ ಟೈಫಾಯ್ಡ್ ಖಾತ್ರಿ ಆಗಿಬಿಡುತ್ತದೆ. ಹಿಂದೆಂದೋ ಸೋಂಕು ತಗುಲಿದವರಲ್ಲಿ, ಬೇರೆ ಜ್ವರ ಬಂದವರಲ್ಲಿ ಕೂಡ ಅದು ಪಾಸಿಟಿವ್ ಬರುತ್ತದೆ. ಐದು ತಿಂಗಳು ಎಳೆಯುವ ಜ್ವರ ಟೈಫಾಯ್ಡ್ ಅಲ್ಲ, ಬೇರೆ ಏನೋ ಇದೆ ಅಂತ ಯಾರಾದರೂ ಒಬ್ಬರು ನಿಂತು ಯೋಚಿಸಬೇಕಿತ್ತು. ಮನೆಯಲ್ಲಿ ಹಸು ಇದೆಯಾ ಅಂತ ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಬ್ರುಸೆಲ್ಲಾದ ಮೊದಲ ಪರೀಕ್ಷೆ ಏನೂ ದೊಡ್ಡದಲ್ಲ. ಬಿಳಿ ತಟ್ಟೆಯ ಮೇಲೆ ರೋಗಿಯ ರಕ್ತದ ತಿಳಿ ಒಂದು ಹನಿ, ರೋಸ್ ಬೆಂಗಾಲ್ ಅನ್ನುವ ಗುಲಾಬಿ ದ್ರವ ಒಂದು ಹನಿ. ಎರಡನ್ನೂ ಕಡ್ಡಿಯಲ್ಲಿ ಕಲಸಿ ನಾಲ್ಕು ನಿಮಿಷ ಮೆಲ್ಲಗೆ ಅಲ್ಲಾಡಿಸುವುದು. ಸೋಂಕು ಇಲ್ಲದಿದ್ದರೆ ದ್ರವ ನುಣ್ಣಗೇ ಇರುತ್ತದೆ. ಇದ್ದರೆ ಹಾಲು ಒಡೆದ ಹಾಗೆ ಗುಲಾಬಿ ಕಾಳುಗಳು ಏಳುತ್ತವೆ. ನೂರು ಸಲ ನೋಡಿದ್ದರೂ ಆ ಕಾಳು ಏಳುವಾಗ ನನಗೆ ಎದೆ ಒಂದು ಸಲ ಹೊಡೆದುಕೊಳ್ಳುತ್ತದೆ. ಆಮೇಲೆ ಖಚಿತ ಮಾಡಿಕೊಳ್ಳಲು ಬೇರೆ ಪರೀಕ್ಷೆಗಳು, ರಕ್ತದ ಕಲ್ಚರ್ ಇವೆ.

ಜ್ವರ ಬಿಟ್ಟಿದೆಯಲ್ಲ ಅನ್ನುವ ಮಾತು ನನಗೆ ಈ ಜ್ವರಕ್ಕಿಂತ ಹೆದರಿಕೆ. ಜ್ವರ ಬಿಟ್ಟಿತು ಅಂದರೆ ರಕ್ತದಲ್ಲಿ ಓಡಾಡುತ್ತಿದ್ದವು ಕಡಿಮೆಯಾದವು ಅಂತ ಅರ್ಥ. ಜೀವಕೋಶದ ಒಳಗೆ, ಮೂಳೆಯಲ್ಲಿ, ನಾಳದ ಗೋಡೆಯಲ್ಲಿ ಕೂತವು ಹಾಗೇ ಇರುತ್ತವೆ. ಕೆಲವು ವರ್ಷದ ಹಿಂದೆ ಮದ್ದೂರು ಕಡೆಯ ಒಬ್ಬರು ನನ್ನ ಹತ್ತಿರ ಬಂದಿದ್ದರು. ಎರಡು ವಾರಕ್ಕೆ ಜ್ವರ ಇಳಿಯಿತು. ಮೂರನೇ ವಾರ ಮೂತ್ರ ಕೆಂಪಗೆ ಹೋಗುತ್ತಿದೆ ಅಂತ ಹೆದರಿ, ನನ್ನನ್ನು ಕೇಳದೆ ಮಾತ್ರೆ ನಿಲ್ಲಿಸಿದರು. ಬ್ರುಸೆಲ್ಲಾಗೆ ಕೊಡುವ ರಿಫಾಂಪಿಸಿನ್ ಅನ್ನುವ ಮಾತ್ರೆ ತಿಂದರೆ ಮೂತ್ರ, ಬೆವರು, ಕಣ್ಣೀರು ಕೂಡ ಕಿತ್ತಳೆ ಕೆಂಪಾಗುತ್ತದೆ. ಅದು ಮಾತ್ರೆಯ ಬಣ್ಣ, ರಕ್ತ ಅಲ್ಲ. ಅದನ್ನು ಮೊದಲೇ ಒತ್ತಿ ಹೇಳದೆ ಇದ್ದದ್ದು ನನ್ನ ತಪ್ಪು. ನಾಲ್ಕು ತಿಂಗಳಾದ ಮೇಲೆ ಮೆಟ್ಟಿಲು ಹತ್ತಿದರೆ ದಮ್ಮು ಅಂತ ಬಂದರು. ಎಕೋ ಮಾಡಿದರೆ ಹೃದಯದ ಕವಾಟ ಹರಿದ ಬಟ್ಟೆಯ ಹಾಗೆ ಪಟಪಟ ಅನ್ನುತ್ತಿತ್ತು. ಕವಾಟ ಬದಲಾಯಿಸಬೇಕಾಯಿತು. ಬದುಕಿದ್ದಾರೆ, ಆದರೆ ಆರು ವಾರದ ಮಾತ್ರೆಯಲ್ಲಿ ಮುಗಿಯಬೇಕಿದ್ದ ಕಾಯಿಲೆ ಅದು. ಅಲ್ಲಿಂದ ಈಚೆಗೆ ಚೀಟಿಯ ಮೇಲೆ ದೊಡ್ಡದಾಗಿ 'ಕೆಂಪು ಮೂತ್ರ, ಹೆದರಬೇಡಿ' ಅಂತ ಕನ್ನಡದಲ್ಲೇ ಬರೆದು ಕೊಡುತ್ತೇನೆ.

ತೊಡಕಿಲ್ಲದ ಬ್ರುಸೆಲ್ಲಾಗೆ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ 6 ವಾರ ಕೊಡುತ್ತೇವೆ. ಇಲ್ಲದಿದ್ದರೆ ಡಾಕ್ಸಿಸೈಕ್ಲಿನ್ ಜೊತೆಗೆ ಶುರುವಿನಲ್ಲಿ ಸ್ಟ್ರೆಪ್ಟೊಮೈಸಿನ್ ಅಥವಾ ಜೆಂಟಾಮೈಸಿನ್ ಇಂಜೆಕ್ಷನ್. ಬೆನ್ನುಮೂಳೆ, ಕವಾಟ, ರಕ್ತನಾಳ ಹಿಡಿದಿದ್ದರೆ 6 ವಾರ ಸಾಲದು. ಸಾಮಾನ್ಯವಾಗಿ ಮೂರು ಔಷಧಿ ಸೇರಿಸಿ, ಕನಿಷ್ಠ 3 ತಿಂಗಳು, ಎಷ್ಟೋ ಸಲ ಅದಕ್ಕಿಂತಲೂ ಜಾಸ್ತಿ. ಡಾಕ್ಸಿಸೈಕ್ಲಿನ್ ಅನ್ನು ದೊಡ್ಡ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು. ಇಲ್ಲವಾದರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗುತ್ತದೆ. ಹಾಲು, ಕಾಫಿ, ಗ್ಯಾಸ್ ಔಷಧಿ, ಕಬ್ಬಿಣದ ಮಾತ್ರೆ ಜೊತೆಯಲ್ಲಿ ಬೇಡ. ತಂದೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ, ಅಥವಾ ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರಿಗೆ ಮತ್ತೊಮ್ಮೆ ನೆನಪಿಸಿ. ರಿಫಾಂಪಿಸಿನ್ ಆ ಮಾತ್ರೆಗಳ ಕಸುವು ಕಡಿಮೆ ಮಾಡುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಓಫ್ಲಾಕ್ಸಸಿನ್ ಅಂತ ಒಂದು ಗುಂಪಿನ ಮಾತ್ರೆಗಳಿವೆ. ಭೇದಿ, ಉರಿಮೂತ್ರ, ಜ್ವರ ಅಂದರೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆಯೂ ಕೊಟ್ಟುಬಿಡುತ್ತಾರೆ. ಈ ಗುಂಪು ಮಹಾಪಧಮನಿಯ ಗೋಡೆಯನ್ನು ಇನ್ನಷ್ಟು ದುರ್ಬಲ ಮಾಡಬಹುದು, ಈಗಾಗಲೇ ಉಬ್ಬು ಇರುವವರಿಗೆ ಬೇರೆ ದಾರಿ ಇದ್ದರೆ ಕೊಡಬೇಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಸಣ್ಣ ಭೇದಿಗೂ ತಂದೆಯವರು ತಾವೇ ಮಾತ್ರೆ ತರಿಸಿ ನುಂಗುವ ಹಾಗಿಲ್ಲ.

ಹಾಗಾದರೆ ಮಾತ್ರೆಯಲ್ಲೇ ವಾಸಿ ಆಗಲ್ವಾ? ಮಾತ್ರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಕೊರೆದುಹೋದ ಗೋಡೆಯನ್ನು ಕಟ್ಟಿಕೊಡುವುದಿಲ್ಲ. ಏಡಿ ಹಿಡಿದು ಹಾಕಿದ ಮಾತ್ರಕ್ಕೆ ಬಿಲ ಮುಚ್ಚಿಕೊಳ್ಳುತ್ತದಾ? ಗೋಡೆ ರಿಪೇರಿಗೆ ಎರಡು ದಾರಿ. ಒಂದು, ಹೊಟ್ಟೆ ತೆರೆದು ಸೋಂಕು ಹಿಡಿದ ಭಾಗವನ್ನು ಕತ್ತರಿಸಿ ತೆಗೆದು, ಸುತ್ತ ಕೊಳೆತದ್ದನ್ನು ಕೆರೆದು ಶುಚಿ ಮಾಡಿ, ಹೊಸ ನಾಳ ಜೋಡಿಸುವುದು. ಅದು ರಿಫಾಂಪಿಸಿನ್‌ನಲ್ಲಿ ನೆನೆಸಿದ ಕೃತಕ ಬಟ್ಟೆಯ ಕೊಳವೆ ಆಗಬಹುದು, ರೋಗಿಯದೇ ತೊಡೆಯ ಆಳದ ರಕ್ತನಾಳವೂ ಆಗಬಹುದು. ಸೋಂಕು ಬೇರುಸಮೇತ ಹೋಗುತ್ತದೆ, ಆದರೆ ದೇಹಕ್ಕೆ ದೊಡ್ಡ ಪೆಟ್ಟು. ಎರಡು, ತೊಡೆಸಂದಿಯ ನಾಳದಿಂದ ತಂತಿ ತೂರಿಸಿ ಒಳಗಿನಿಂದ ಸ್ಟೆಂಟ್ ಕೊಳವೆ ಕೂರಿಸುವುದು. ಇದರಲ್ಲಿ ಪೆಟ್ಟು ಕಡಿಮೆ, ಒಡೆಯುವ ಹಂತದಲ್ಲಿದ್ದರೆ ಜೀವ ಉಳಿಸುತ್ತದೆ. ಆದರೆ ಸೋಂಕಿರುವ ಜಾಗದಲ್ಲೇ ಹೊರಗಿನ ವಸ್ತು ಬಿಟ್ಟು ಬಂದ ಹಾಗಾಯಿತು, ಮತ್ತೆ ಸೋಂಕು ಹಿಡಿಯುವ ಭಯ ಇರುತ್ತದೆ. ಔಷಧಿ ಬಹಳ ಕಾಲ, ಕೆಲವರಿಗೆ ಜೀವನಪೂರ್ತಿ ಬೇಕಾಗಬಹುದು. ತಂದೆಯವರ ಹೃದಯ, ಕಿಡ್ನಿ ಚೆನ್ನಾಗಿದ್ದರೆ ನನ್ನ ಮನಸ್ಸು ಮೊದಲನೆಯದರ ಕಡೆಗೆ ವಾಲುತ್ತದೆ. ಆದರೆ ಇದನ್ನು ತೀರ್ಮಾನಿಸಬೇಕಾದವರು ಸ್ಕ್ಯಾನ್ ಚಿತ್ರ ನೋಡುತ್ತಿರುವ ರಕ್ತನಾಳದ ಸರ್ಜನ್. ಬೇರೆ ಸರ್ಜನ್ ಅಭಿಪ್ರಾಯ ಕೇಳಬೇಕು ಅನ್ನಿಸಿದರೆ ಕೇಳಿ, ತಪ್ಪಿಲ್ಲ. ಎರಡೇ ದಿನದಲ್ಲಿ ಕೇಳಿ ಮುಗಿಸಿ. ಹೋಗುವಾಗ ರಿಪೋರ್ಟಿನ ಹಾಳೆ ಮಾತ್ರ ಅಲ್ಲ, ಸ್ಕ್ಯಾನಿನ ಸಿಡಿ ಒಯ್ಯಿರಿ. ಸರ್ಜನ್ ಅಳತೆ ತೆಗೆಯುವುದು ಚಿತ್ರದ ಮೇಲೆ. ಖರ್ಚಿನ ವಿಷಯಕ್ಕೆ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ಡೈರಿ ಸದಸ್ಯರಾಗಿ ಯಶಸ್ವಿನಿ ಮಾಡಿಸಿದ್ದರೆ ಅದರಲ್ಲಿ ಈ ಆಪರೇಷನ್ ಬರುತ್ತದಾ ಅಂತ ಆಸ್ಪತ್ರೆಯ ಕೌಂಟರಿನಲ್ಲೇ ವಿಚಾರಿಸಿ.

ಆಪರೇಷನ್ ಆಗುವ ತನಕ ಹುಲ್ಲಿನ ಹೊರೆ, ಹಾಲಿನ ಕ್ಯಾನ್ ಎತ್ತಬಾರದು. ಬೀಡಿ ಇದ್ದರೆ ಇವತ್ತೇ ಬಿಡಬೇಕು. ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ತಿಣುಕುವುದು ಒಳ್ಳೆಯದಲ್ಲ. ಸೊಂಟನೋವು ಅಂತ ಎಣ್ಣೆ ಹಾಕಿ ಉಜ್ಜಿಸುವುದು, ಮೊಮ್ಮಗನನ್ನು ಬೆನ್ನ ಮೇಲೆ ಹತ್ತಿಸಿ ತುಳಿಸಿಕೊಳ್ಳುವುದು ಖಂಡಿತ ಬೇಡ. ಇದ್ದಕ್ಕಿದ್ದ ಹಾಗೆ ಹೊಟ್ಟೆ ಅಥವಾ ಬೆನ್ನಲ್ಲಿ ತಡೆಯಲಾರದ ನೋವು ಬಂದರೆ, ತಣ್ಣನೆ ಬೆವರು ಬಂದು ಕಣ್ಣು ಕತ್ತಲಿಟ್ಟರೆ, ರಕ್ತ ವಾಂತಿಯಾದರೆ, ಮಲ ಟಾರಿನ ಹಾಗೆ ಕಪ್ಪಾದರೆ, ಒಂದು ಕಾಲು ತಣ್ಣಗಾಗಿ ಬಿಳಿಚಿಕೊಂಡರೆ 108ಕ್ಕೆ ಫೋನ್ ಮಾಡಿ. ಊರಿನ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸುತ್ತಾ ಕೂರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಆಪರೇಷನ್ ಆದ ಮೇಲೂ ಕಥೆ ಮುಗಿಯುವುದಿಲ್ಲ. ಬ್ರುಸೆಲ್ಲಾ ಔಷಧಿ ಮುಗಿಸಿದ 100 ಜನರಲ್ಲಿ ಸುಮಾರು 5ರಿಂದ 15 ಜನಕ್ಕೆ ಮರುಕಳಿಸುತ್ತದೆ, ಹೆಚ್ಚಾಗಿ ಮೊದಲ ವರ್ಷದೊಳಗೆ. ರಕ್ತಪರೀಕ್ಷೆ ಮಾತ್ರ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ಇರಬಹುದು, ಅದನ್ನು ನೋಡಿ ಹೆದರಬೇಡಿ. ನೋಡಬೇಕಾದದ್ದು ಜ್ವರ, ಬೆವರು, ತೂಕ, ಮತ್ತೆ ಮಾಡಿಸುವ ಸ್ಕ್ಯಾನ್.

ಈಗ ಹಸುಗಳು. ಮಾರಬೇಡಿ. ಸೋಂಕಿರುವ ಹಸುವನ್ನು ಸಂತೆಗೆ ಹೊಡೆದರೆ ಕಾಯಿಲೆ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ, ಅಷ್ಟೇ. ಪಶು ಆಸ್ಪತ್ರೆಗೆ ತಿಳಿಸಿ ಮೂರರದ್ದೂ ರಕ್ತ ಪರೀಕ್ಷೆ ಮಾಡಿಸಿ. ಒಂದು ಸಲ ಕಂದು ಹಾಕಿದ ಹಸು ಮುಂದಿನ ಸಲ ಚೆನ್ನಾಗಿಯೇ ಕರು ಹಾಕಬಹುದು. ಆಗ ಎಲ್ಲರೂ ಮರೆಯುತ್ತಾರೆ. ಆದರೆ ಹಾಲಿನಲ್ಲಿ, ಮಾಸಿನಲ್ಲಿ ಬ್ಯಾಕ್ಟೀರಿಯಾ ಹೋಗುತ್ತಲೇ ಇರುತ್ತದೆ. ಹಸುವಿಗೆ ಇದಕ್ಕೆ ನೆಚ್ಚುವಂಥ ಔಷಧಿ ಇಲ್ಲ. ಪಾಸಿಟಿವ್ ಬಂದದ್ದನ್ನು ಬೇರೆ ಕಟ್ಟಬೇಕು. ಅದು ಈಯುವಾಗ ಬರಿಗೈ ಹಾಕಬಾರದು, ಪಶುವೈದ್ಯರನ್ನು ಕರೆಸಿ. ನಮ್ಮ ಕಡೆ ಮಾಸನ್ನು ಹಳೇ ಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ನೇತು ಹಾಕುತ್ತಾರೆ, ಹಾಲು ಜಾಸ್ತಿ ಬರಲಿ ಅಂತ. ನಂಬಿಕೆಯನ್ನು ಆಡಿಕೊಳ್ಳುವುದಿಲ್ಲ. ಆದರೆ ಕಾಗೆ ಕಿತ್ತು, ನಾಯಿ ಎಳೆದು ಊರೆಲ್ಲ ಹರಡುವುದು ಆ ಚೀಲದಿಂದಲೇ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ನಡುವೆ ಒಂದೇ ಒಂದು ಲಸಿಕೆ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಸರ್ಕಾರವೇ ಹಾಕುತ್ತದೆ. ಹಾಕುವಾಗ ಕರು ಹಿಡಿದುಕೊಂಡವರು ಸೂಜಿಯಿಂದ ದೂರ ಇರಲಿ, ಅದು ಜೀವಂತ ಲಸಿಕೆ. ಚುಚ್ಚಿಕೊಂಡರೆ ಮನುಷ್ಯರಿಗೂ ಕಾಯಿಲೆ ಬರುತ್ತದೆ.

ಹಾಲು ಕುಡಿಯಬಹುದು, ಉಕ್ಕಿಸಿ. ಕುದಿ ಬಂದರೆ ಬ್ರುಸೆಲ್ಲಾ ಉಳಿಯುವುದಿಲ್ಲ. ಗಿಣ್ಣು ಕೂಡ ಬೇಯಿಸಿದ್ದಾದರೆ ಭಯ ಇಲ್ಲ. ಕರೆದ ಬಿಸಿ ಹಾಲು ಶಕ್ತಿ ಅಂತ ಕೆಚ್ಚಲಿನಿಂದ ನೇರ ಲೋಟಕ್ಕೆ ಹಿಡಿದು ಕುಡಿಯುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಇವತ್ತಿಗೆ ನಿಲ್ಲಬೇಕು.

ನಿಮ್ಮ ಪತ್ರದಲ್ಲಿ ಅವ್ವನ ಬಗ್ಗೆ ಒಂದೇ ಸಾಲು ಇದೆ. ದಿನಾ ಎರಡು ಹೊತ್ತು ಕೆಚ್ಚಲ ಹತ್ತಿರ ಕೂರುವವರು ಅವರು. ಕಂದು ಹಾಕಿದ ದಿನ ಕೊಟ್ಟಿಗೆ ತೊಳೆದವರು ಯಾರು ಅಂತ ಕೇಳಿ ನೋಡಿ. ಮಂಡಿನೋವು, ಸುಸ್ತು, ಸಂಜೆ ಮೈ ಬೆಚ್ಚಗೆ ಅನ್ನುವುದನ್ನು ನಮ್ಮ ಹೆಣ್ಣುಮಕ್ಕಳು ಕಾಯಿಲೆ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಅಪ್ಪನನ್ನು ಮುಂದಿನ ಸಲ ಮೈಸೂರಿಗೆ ಕರೆತರುವಾಗ ಅವ್ವನನ್ನೂ ಕರೆತಂದು ಅವರ ರಕ್ತವನ್ನೂ ಅದೇ ಗುಲಾಬಿ ಪರೀಕ್ಷೆಗೆ ಕೊಡಿ.